ಮನೆ ಕೊಳ್ಳುವ ಮುಂಚೆ, ಕಟ್ಟುವ ಮುಂಚೆ: ನಮ್ಮ ಕಡೆಯ ಇಂಜಿನಿಯರ್ ಒಬ್ಬರು ನೋಡಲಿ



ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುತ್ತೇವೆ. ಒಡವೆ ಕೊಳ್ಳುವಾಗ ಹಾಲ್‌ಮಾರ್ಕ್ ಇದೆಯಾ ಅಂತ ಕೇಳುತ್ತೇವೆ. ಆದರೆ ಇಪ್ಪತ್ತು ವರ್ಷದ ಚೀಟಿ ದುಡ್ಡು, ಸಂಘದ ಸಾಲ, ಬ್ಯಾಂಕ್ ಸಾಲ ಎಲ್ಲಾ ಸೇರಿಸಿ ಮನೆ ಕೊಳ್ಳುವಾಗ ಏನು ನೋಡುತ್ತೇವೆ? ಬಣ್ಣ, ಟೈಲ್ಸ್, ವಾಸ್ತು. ಗೋಡೆಯ ಒಳಗೆ, ಪಾಯದ ಕೆಳಗೆ ಏನಿದೆ ಅಂತ ಕೇಳುವವರು ಕಡಿಮೆ. ಈ ಪಾಠ ಅದರ ಬಗ್ಗೆ.

ಯಾಕೆ ಬೇಕು?

ನಮ್ಮ ಪಕ್ಕದಲ್ಲೇ ಆದದ್ದನ್ನು ನೆನಪು ಮಾಡಿಕೊಳ್ಳಿ. 2021ರ ಅಕ್ಟೋಬರ್ ಮಳೆಯಲ್ಲಿ ಬಸವೇಶ್ವರನಗರದ ಹತ್ತಿರದ ಕಮಲಾನಗರದಲ್ಲಿ ಜನ ವಾಸವಿದ್ದ ಬಹುಮಹಡಿ ಕಟ್ಟಡವೊಂದು ವಾಲಿತು. ಒಳಗಿದ್ದವರನ್ನು ಹೊರಗೆ ಕಳುಹಿಸಿ ಪಾಲಿಕೆಯವರು ಅದನ್ನು ಕೆಡವಿಸಿದರು. ಜೀವ ಉಳಿಯಿತು, ಮನೆ ಉಳಿಯಲಿಲ್ಲ. ಎಲ್ಲ ಕಡೆ ಹೀಗೆ ಜೀವ ಉಳಿಯುವುದಿಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ, 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡಗಳೇ ಕುಸಿದು ಬಿದ್ದವು. ಧಾರವಾಡದಲ್ಲಿ 19 ಜನ, ಬಾಬುಸಾಪಾಳ್ಯದಲ್ಲಿ 9 ಜನ ಸತ್ತರು.

ರಾಜಾಜಿನಗರದ ಕಡೆ ಇನ್ನೊಂದು ವಿಷಯ ಇದೆ. ಇಲ್ಲಿ ಹಳೆಯ ಮನೆಗಳು ಬಹಳ. ಪಿಲ್ಲರ್ ಇಲ್ಲದೆ, ಸೈಜುಗಲ್ಲಿನ ಪಾಯದ ಮೇಲೆ ಗೋಡೆಯೇ ಭಾರ ಹೊರುವಂತೆ ಕಟ್ಟಿದವು ಎಷ್ಟೋ. ಬಾಡಿಗೆ ಬರಲಿ ಎಂದು ಅದರ ಮೇಲೆ ಒಂದು, ಎರಡು ಮಹಡಿ ಏರಿಸುತ್ತಾರೆ. ಮೇಲಿನದು ಹೊಸದು, ಕೆಳಗಿನ ಪಾಯ ಮಾತ್ರ ಅಜ್ಜನ ಕಾಲದ್ದು! ಪಕ್ಕದ ಸೈಟಿನವರು ಕಾರ್ ನಿಲ್ಲಿಸಲು ನೆಲ ಅಗೆದರೆ ನಮ್ಮ ಗೋಡೆಯ ಆಸರೆ ಸಡಿಲವಾಗುತ್ತದೆ. ಕೆಂಗೇರಿ ಕಡೆ, ವೃಷಭಾವತಿ ಮತ್ತು ರಾಜಕಾಲುವೆಗಳ ಅಂಚಿನಲ್ಲಿ ಸೈಟು ಕೊಳ್ಳುವವರು ಅದು ಗಟ್ಟಿ ನೆಲವೋ ತುಂಬಿಸಿದ ಮಣ್ಣೋ ಎಂದು ಮೊದಲು ತಿಳಿಯಬೇಕು.

ಈ ಪರೀಕ್ಷಕರು ಯಾರು?

ಅಮೆರಿಕದಲ್ಲಿ ಮನೆ ಕೊಳ್ಳುವವರು ಮೊದಲು ಮನೆ ತಪಾಸಣೆ ಮಾಡಿಸುವುದು ರೂಢಿ; ಹಲವು ರಾಜ್ಯಗಳಲ್ಲಿ ಇದಕ್ಕೆ ಲೈಸೆನ್ಸ್ ಇದೆ. ನಮ್ಮ ದೇಶದಲ್ಲಿ ಹಾಗೆ ಬೇರೆ ಲೈಸೆನ್ಸ್ ಇಲ್ಲ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ಖಾಸಗಿ ಸಂಸ್ಥೆಗಳಿವೆ. ಅನುಭವ ಇರುವ ಸಿವಿಲ್ ಅಥವಾ ಸ್ಟ್ರಕ್ಚರಲ್ ಇಂಜಿನಿಯರ್ ಕೂಡ ಮಾಡಿಕೊಡುತ್ತಾರೆ.

"ಬ್ಯಾಂಕಿನವರು ಬಂದು ನೋಡಿದ್ದಾರಲ್ಲ ಸಿಸ್ಟರ್?" ಅಂತ ಅನೇಕರು ಕೇಳುತ್ತಾರೆ. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಸಾಲಕ್ಕೆ ಆ ಆಸ್ತಿ ಸಾಕೋ ಎಂದು. ಅವರು ಬ್ಯಾಂಕಿನ ಪರ. ಮಾರುವವರ ಇಂಜಿನಿಯರ್ ಮಾರುವವರ ಪರ. ನಮ್ಮ ಪರವಾಗಿ ನೋಡುವವರು ನಾವೇ ಫೀಸು ಕೊಟ್ಟು ಕರೆಸಿದವರು ಮಾತ್ರ. ಇವರು ಕಾಗದ ಪತ್ರ ನೋಡುವುದಿಲ್ಲ. ಖಾತೆ, ಕ್ರಯಪತ್ರ, ಋಣಭಾರ ಪತ್ರ ನೋಡಲು ವಕೀಲರೇ ಬೇಕು.

ಹಳೆಯ ಮನೆಯಲ್ಲಿ ಏನು ನೋಡುತ್ತಾರೆ?

1. ಬಿರುಕು. ಗಾರೆಯ ಮೇಲಿನ ಕೂದಲೆಳೆ ಬಿರುಕಿಗೆ ಹೆದರಬೇಕಾಗಿಲ್ಲ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಹೋಗುವ, ಅಗಲವಾಗುತ್ತಾ ಹೋಗುವ ಬಿರುಕು ಪಾಯ ಕುಸಿಯುತ್ತಿರುವ ಗುರುತು ಆಗಿರಬಹುದು.
2. ತೇವ. ತುಕ್ಕಿನ ಕಲೆ, ಸೂರಿನ ಗಾರೆ ಉದುರಿ ಕಾಣುವ ಕಂಬಿ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಹೊಸ ಬಣ್ಣ ಇದನ್ನು ಮುಚ್ಚಬಹುದು. ಆದ್ದರಿಂದ ಮಳೆಗಾಲದಲ್ಲಿ ಒಮ್ಮೆ ನೋಡುವುದು ಒಳ್ಳೆಯದು.
3. ಕರೆಂಟು. ಅರ್ಥಿಂಗ್ ಇದೆಯೇ? ಶಾಕ್ ಹೊಡೆದರೆ ತಾನಾಗಿ ಕರೆಂಟ್ ಕಡಿಯುವ ಸ್ವಿಚ್ ಇದೆಯೇ? ಮನೆಗಳಲ್ಲಿ ಇದು 30 ಮಿಲಿಆಂಪಿಯರ್‌ನದ್ದು ಇರಬೇಕು.
4. ನೀರು. ಸಂಪು, ಟ್ಯಾಂಕು, ಒಳಚರಂಡಿ, ಬಚ್ಚಲಿನ ಸೋರಿಕೆ.

ಹೊಸದಾಗಿ ಕಟ್ಟುವಾಗ

ಮುಗಿದ ಮೇಲೆ ಕರೆಸಿದರೆ ಪ್ರಯೋಜನ ಕಡಿಮೆ. ಮೂರು ಸಲವಾದರೂ ಬರಲಿ: ಪಾಯ ತೋಡಿದಾಗ, ಮೋಲ್ಡ್ ಹಾಕುವ ಮುಂಚೆ ಕಂಬಿ ಕಟ್ಟಿದಾಗ, ಗಾರೆ ಮಾಡುವ ಮುಂಚೆ ಪೈಪು ಮತ್ತು ವೈರಿಂಗ್ ಮುಗಿದಾಗ. ಕಾಂಕ್ರೀಟ್ ಹಾಕಿದ ಮೇಲೆ ಒಳಗಿನ ಕಂಬಿ ಯಾರ ಕಣ್ಣಿಗೂ ಕಾಣುವುದಿಲ್ಲ.

ಕೆಲವು ನಿಯಮ ನಮಗೂ ಗೊತ್ತಿರಲಿ. ಭಾರತೀಯ ಮಾನದಂಡ 456ರ (ವರ್ಷ 2000) ಪ್ರಕಾರ ಮಾಮೂಲಿ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರು ಹೊಡೆಯಬೇಕು. ಬೂದಿ ಬೆರೆಸಿದ ಸಿಮೆಂಟಾದರೆ 10 ದಿನ. ಪಿಲ್ಲರ್ ಕಂಬಿಯ ಹೊರಗೆ ಸಾಮಾನ್ಯವಾಗಿ 40 ಮಿಲಿಮೀಟರ್ ಕಾಂಕ್ರೀಟ್ ಮುಚ್ಚಿರಬೇಕು. ಮೋಲ್ಡ್‌ನ ಅಳತೆ ಗೋಡೆಯಿಂದ ಗೋಡೆಗೆ 4.5 ಮೀಟರ್ ಒಳಗಿದ್ದರೆ ಆಸರೆ ಕಂಬ 7 ದಿನ, ಹೆಚ್ಚಿದ್ದರೆ 14 ದಿನ ತೆಗೆಯಬಾರದು. "ಪಕ್ಕದ ಕೆಲಸಕ್ಕೆ ಸೆಂಟ್ರಿಂಗ್ ಬೇಕು, ನಾಳೆ ಬಿಚ್ಚುತ್ತೀವಿ" ಅಂದರೆ ಒಪ್ಪಬೇಡಿ.

ಯಾರನ್ನು ಆರಿಸುವುದು?

• ಮಾರುವವರ, ಬ್ರೋಕರ್, ಕಂಟ್ರಾಕ್ಟರ್ ಕಡೆಯವರು ಆಗಿರಬಾರದು.
• ರಿಪೇರಿ ಕೆಲಸವನ್ನೂ ತಾವೇ ಹಿಡಿಯುತ್ತೇವೆ ಅನ್ನುವವರಾದರೆ ಎಚ್ಚರ.
• ಫೀಸು, ಎಷ್ಟು ಸಲ ಬರುತ್ತಾರೆ, ಏನೇನು ನೋಡುತ್ತಾರೆ ಎಂಬುದು ಮೊದಲೇ ಬರಹದಲ್ಲಿ ಇರಲಿ.
• ವರದಿ ಫೋಟೋ ಸಮೇತ ಬರಹದಲ್ಲಿ ಕೊಡಲಿ. ಬಾಯಿಮಾತು ಸಾಲದು.
• ಅವರ ಜೊತೆ ನೀವೂ ಹೋಗಿ. ಅರ್ಥವಾಗದ್ದನ್ನು ಕೇಳಿ, ನಾಚಿಕೆ ಬೇಡ.

ಅಡ್ವಾನ್ಸ್ ಕೊಡುವ ಮುಂಚೆಯೇ ಪರೀಕ್ಷೆ ಆಗಬೇಕು. ದೋಷ ಕಂಡರೆ ಮೂರು ದಾರಿ: ಮಾರುವವರೇ ಸರಿ ಮಾಡಿಸಲಿ, ಬೆಲೆ ಇಳಿಸಲಿ, ಇಲ್ಲವಾದರೆ ಬಿಟ್ಟುಬಿಡಿ. ಕಟ್ಟಿಸುವಾಗಲೂ ಕಂಟ್ರಾಕ್ಟರ್‌ಗೆ ಪ್ರತಿ ಕಂತು ಕೊಡುವುದು ಪರೀಕ್ಷೆ ಆದ ಮೇಲೆ ಎಂದು ಅಗ್ರಿಮೆಂಟ್‌ನಲ್ಲೇ ಬರೆಸಿ.

ಕಾನೂನು ಏನು ಹೇಳುತ್ತದೆ?

2016ರ ರೇರಾ ಕಾಯಿದೆಯ 14ನೇ ಕಲಮಿನಂತೆ, ಬಿಲ್ಡರ್ ಮನೆ ಒಪ್ಪಿಸಿದ 5 ವರ್ಷದೊಳಗೆ ಕಟ್ಟಡದಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ, ದುಡ್ಡು ಕೇಳದೆ 30 ದಿನದಲ್ಲಿ ಸರಿ ಮಾಡಿಕೊಡಬೇಕು. ನಮ್ಮ ಸೈಟಿನಲ್ಲಿ ಕಂಟ್ರಾಕ್ಟರ್ ಕಟ್ಟಿದ ಒಂಟಿ ಮನೆಗೆ ರೇರಾ ಬರುವುದಿಲ್ಲ. ಆಗ 2019ರ ಗ್ರಾಹಕ ರಕ್ಷಣಾ ಕಾಯಿದೆ ಇದೆ. ದೂರು ಕೊಡಲು 2 ವರ್ಷದ ಗಡುವು. ಸಹಾಯವಾಣಿ 1915. ಎರಡೂ ಕಡೆ ಇಂಜಿನಿಯರ್ ವರದಿ ನಿಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಹೇಳಿದ್ದು ಲೂಕನ ಶುಭಸಂದೇಶದಲ್ಲಿದೆ. ಪರೀಕ್ಷೆಯ ಫೀಸನ್ನೂ ಆ ಲೆಕ್ಕದಲ್ಲಿ ಸೇರಿಸಿ. ಒಬ್ಬರಿಗೆ ಭಾರವಾದರೆ, ಒಂದೇ ಬೀದಿಯ ಮೂರ್ನಾಲ್ಕು ಮನೆಯವರು ಸೇರಿ ಒಂದೇ ದಿನ ಕರೆಸಿ, ಫೀಸು ಮಾತಾಡಿಕೊಳ್ಳಿ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಬೀದಿಯಲ್ಲಿ ಹಳೆಯ ಪಾಯದ ಮೇಲೆ ಮಹಡಿ ಏರಿಸಿದ ಮನೆಗಳು ಎಷ್ಟು? ಅಲ್ಲಿ ಬಾಡಿಗೆಗೆ, ಭೋಗ್ಯಕ್ಕೆ ಇರುವವರು ಯಾರು?
2. ಮನೆ ಸಾಲ ಕೊಡುವ ಮುಂಚೆ ಇಂಜಿನಿಯರ್ ವರದಿ ಕೇಳಬೇಕೆಂದು ನಮ್ಮ ಸಂಘ ನಿಯಮ ಮಾಡಬಹುದೇ?
3. ಮುಂದಿನ ಸಭೆಗೆ ಬರುವ ಮುಂಚೆ ಪ್ರತಿಯೊಬ್ಬರೂ ನಿಮ್ಮ ಮನೆಯ ಒಂದು ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ತಿಂಗಳ ನಂತರ ಅದು ಗೆರೆ ದಾಟಿದೆಯೇ ನೋಡಿ ಬಂದು ಹೇಳಿ.