ನುಡಿ ತಂತ್ರಾಂಶ ಇಂದಿಗೂ ಸಾಕೆ?

ಗಣಕಯಂತ್ರದಲ್ಲಿ ಕನ್ನಡ ಬರೆಯುವವರಿಗೆ ‘ನುಡಿ’ ಬಹುಕಾಲದ ಸಂಗಾತಿ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ಈ ತಂತ್ರಾಂಶ ಸರ್ಕಾರಿ ಕಚೇರಿಗಳಿಂದ ಹಿಡಿದು ಊರಿನ ಡಿ.ಟಿ.ಪಿ. ಅಂಗಡಿಗಳವರೆಗೆ ಹಬ್ಬಿತು. ಸಾಮಾನ್ಯ ಬಳಕೆದಾರನಿಗೆ ಇದು ಇಂದಿಗೂ ಸಾಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಕೀಲಿಮಣೆಯನ್ನು ನೋಡೋಣ. ಕೆ. ಪಿ. ರಾವ್ ಅವರ ವಿನ್ಯಾಸವೇ ಇದಕ್ಕೆ ಆಧಾರ. ಆಂಗ್ಲ ‘ಕೆ’ ಒತ್ತಿದರೆ ಕ, ಶಿಫ್ಟ್ ಸಹಿತ ಒತ್ತಿದರೆ ಖ. ‘ಎಫ್’ ಎಂಬುದು ಒತ್ತಕ್ಷರದ ಕೊಂಡಿ. ‘ಕೆ, ಎಫ್, ಕೆ’ ಎಂದರೆ ಕ್ಕ. ಉಚ್ಚಾರಣೆಯನ್ನೇ ಅನುಸರಿಸುವ ಈ ಕ್ರಮಕ್ಕೆ ಮುಪ್ಪಿಲ್ಲ.

ಕೊರತೆಯಿರುವುದು ಹಳೆಯ ಸಂಕೇತದಲ್ಲಿ. ಹಳೆಯ ನುಡಿ ಕಡತದಲ್ಲಿ ಕನ್ನಡವೆಂಬುದು ಫಾಂಟಿನ ವೇಷ ಮಾತ್ರ. ಒಳಗಿರುವುದು ರೋಮನ್ ಮೊದಲಾದ ಚಿಹ್ನೆಗಳ ಸಂಖ್ಯೆಗಳು. ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಬರಹವು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಅಂತರ್ಜಾಲದಲ್ಲಿ ಕನ್ನಡ ಪದ ಕೊಟ್ಟು ಹುಡುಕಿದರೆ ಸಿಗದು. ಯೂನಿಕೋಡಿನಲ್ಲಾದರೋ 1991ರಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯಿದೆ. ಅಲ್ಲಿ ಬರೆದ ಕ ಯಾವ ಯಂತ್ರದಲ್ಲಿಯೂ ಕ ಆಗಿಯೇ ಉಳಿಯುತ್ತದೆ.

ಕಾಗದದ ಪ್ರತಿಯೇ ಗುರಿಯಾಗಿದ್ದಾಗ ಹಳೆಯ ವಿಧಾನ ಸಾಕಾಗಿತ್ತು. ಇಂದು ಬೆಳವಣಕಿಯ ವಿದ್ಯಾರ್ಥಿಯೊಬ್ಬ ಸಂಗ್ರಹಿಸಿದ ಹಂತಿಯ ಪದ ಧಾರವಾಡದ ಅಧ್ಯಾಪಕರ ಮೊಬೈಲಿನಲ್ಲಿಯೂ ತೆರೆಯಬೇಕು, ಇಪ್ಪತ್ತು ವರ್ಷಗಳ ಮೇಲೆ ಹುಡುಕಿದವರಿಗೂ ದೊರೆಯಬೇಕು.

ಆದುದರಿಂದ ನುಡಿಯನ್ನು ಬಿಡಬೇಕಾಗಿಲ್ಲ. ಅದರ ಈಚಿನ ಆವೃತ್ತಿಗಳು ಯೂನಿಕೋಡಿಗೂ ಒದಗುತ್ತವೆ. ಬೆರಳಿನ ರೂಢಿ ಹಾಗೆಯೇ ಇರಲಿ, ಸಂಕೇತ ಮಾತ್ರ ಬದಲಾಗಲಿ. ತಮ್ಮ ಹಳೆಯ ಕಡತವೊಂದಕ್ಕೆ ‘ತುಂಗಾ’ದಂತಹ ಯೂನಿಕೋಡ್ ಫಾಂಟು ಹಚ್ಚಿ ನೋಡಿರಿ, ಅಕ್ಷರ ಕೆಟ್ಟರೆ, ಆ ಫಾಂಟು ಇನ್ನೂ ದೊರೆಯುವಾಗಲೇ ಅದನ್ನು ಪರಿವರ್ತಿಸಿಡುವುದು ವಿವೇಕ.