ಹತ್ತಿ ಬಿಡಿಸುವ ತಿಂಗಳಿಗೆ ಮುಂಚೆ



ಮಗಳೇ, ನಿನ್ನ ಪತ್ರ ತಲುಪಿತು. ಯಾದಗಿರಿ ಜಿಲ್ಲೆಯ ಊರು, ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕಲಿಯುವ ನಲಿ-ಕಲಿ ಕೋಣೆ, ಹಾಜರಿ ಪುಸ್ತಕದಲ್ಲಿರುವ ಮಕ್ಕಳಿಗೂ ಎದುರಿಗೆ ಕೂತಿರುವ ಮಕ್ಕಳಿಗೂ ತಾಳೆಯಾಗದ ಲೆಕ್ಕ, ಎಲ್ಲವನ್ನೂ ಓದಿದೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೀ: "ಫೀಸಿಲ್ಲ, ಪುಸ್ತಕ, ಸಮವಸ್ತ್ರ ಪುಕ್ಕಟೆ, ಮಧ್ಯಾಹ್ನ ಊಟವೂ ಉಂಟು. ಆದರೂ ಮಕ್ಕಳನ್ನು ಯಾಕೆ ಕಳಿಸುವುದಿಲ್ಲ ದೊಡ್ಡಪ್ಪಾ?" ಇದೇ ಮಾತನ್ನು ಸಿಟ್ಟಿನಿಂದ ಆಡುವವರು ಬಹಳ ಮಂದಿ. ನೀನು ತಿಳಿದುಕೊಳ್ಳಬೇಕೆಂದು ಕೇಳಿದ್ದೀ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಫೀಸು ತೆಗೆದದ್ದು ಸಣ್ಣ ಕೆಲಸವೇನಲ್ಲ. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದಾಗ ಸರ್ಕಾರದವರೂ ಜಮೀನ್ದಾರರೂ ಒಂದಾಗಿ ಅದರ ಎದುರು ನಿಂತರು. ಮರುವರ್ಷ ಅದು 13ಕ್ಕೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 45ನೇ ವಿಧಿ ಹತ್ತು ವರ್ಷದ ಗಡುವು ಹಾಕಿತು. ಅಂದರೆ 1960ರೊಳಗೆ ಹದಿನಾಲ್ಕು ವರ್ಷದವರೆಗಿನ ಮಕ್ಕಳೆಲ್ಲ ಉಚಿತವಾಗಿ ಓದುತ್ತಿರಬೇಕಿತ್ತು. ಗಡುವು ದಾಟಿ ಒಂದು ತಲೆಮಾರೇ ಕಳೆಯಿತು. ಶಿಕ್ಷಣ ಮಕ್ಕಳ ಹಕ್ಕು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ವಿಚಿತ್ರವೆಂದರೆ, ಅಲ್ಲಿಗೆ ದಾರಿ ಮಾಡಿಕೊಟ್ಟದ್ದು ನಮ್ಮ ಕರ್ನಾಟಕದ ವೈದ್ಯಕೀಯ ಕಾಲೇಜಿನ ಕ್ಯಾಪಿಟೇಷನ್ ಶುಲ್ಕದ ವ್ಯಾಜ್ಯ. 2002ರಲ್ಲಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸುವ 21ಎ ವಿಧಿ ಸಂವಿಧಾನಕ್ಕೆ ಸೇರಿತು, ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಹೀಗೆ ಐವತ್ತು ವರ್ಷ ತಡವಾಯಿತು. ಆ ಐವತ್ತು ವರ್ಷದಲ್ಲಿ ಶಾಲೆ ಕಾಣದೆ ಬೆಳೆದ ಹುಡುಗಿಯರೇ ಇಂದು ನಿನ್ನ ಮಕ್ಕಳ ಅಜ್ಜಿಯರು, ಕೆಲವರು ತಾಯಂದಿರು ಕೂಡ.

ನಿನ್ನ ಜಿಲ್ಲೆಯ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾಯ್ದೆ ಮಾಡಿತು. ಆಗ ಯಾದಗಿರಿ ಹೈದರಾಬಾದ್ ನಿಜಾಮರ ಕೈಯಲ್ಲಿತ್ತು. ಶಾಲೆಗಳು ಕಡಿಮೆ, ಇದ್ದ ಕಡೆಯೂ ಮನೆಯಲ್ಲಿ ಕನ್ನಡ ಆಡುವ ಮಗು ಬಹುಮಟ್ಟಿಗೆ ಉರ್ದುವಿನಲ್ಲಿ ಕಲಿಯಬೇಕಿತ್ತು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88 ದಾಟಿತ್ತು, ಯಾದಗಿರಿಯದು ಶೇ. 52ರ ಆಸುಪಾಸು. ಹೆಂಗಸರಲ್ಲಂತೂ ಶೇ. 41. "ಇಲ್ಲಿಯ ಜನಕ್ಕೆ ಓದಿನ ಕಿಮ್ಮತ್ತು ಗೊತ್ತಿಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂದರೆ ಈ ಇತಿಹಾಸ ನೆನಪಿಸಿಕೊ. ಕಿಮ್ಮತ್ತು ಅವರಿಗೆ ಚೆನ್ನಾಗಿ ಗೊತ್ತು. ಓದು ಬಾರದ್ದರಿಂದ ಆದ ನಷ್ಟವನ್ನು ಅವರಷ್ಟು ಅನುಭವಿಸಿದವರು ಯಾರಿದ್ದಾರೆ?

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅಕ್ಟೋಬರ್ ಹೊತ್ತಿಗೆ ಹತ್ತಿ ಒಡೆಯುತ್ತದೆ. ಹತ್ತಿ ಬಿಡಿಸುವುದಕ್ಕೆ ಕೂಲಿ ಕಿಲೋ ಲೆಕ್ಕದಲ್ಲಿ. ಕೈಗಳು ಹೆಚ್ಚಾದಷ್ಟೂ ಸಂಜೆಯ ತೂಕ ಹೆಚ್ಚು. ಎಂಟು ವರ್ಷದ ಹುಡುಗಿ ಹೊಲಕ್ಕಿಳಿಯದಿದ್ದರೂ ಬದುವಿನ ಮೇಲೆ ಕೂಸನ್ನು ಆಡಿಸುತ್ತ ಕೂತರೆ ತಾಯಿಯ ಎರಡು ಕೈ ಬಿಡುವಾಗುತ್ತವೆ. ಹತ್ತಿ ಮುಗಿಯಿತೆಂದರೆ ಗುಳೆ. ಬೆಂಗಳೂರು, ಪುಣೆ, ಮುಂಬೈ ಎಂದು ಕಟ್ಟಡದ ಕೆಲಸಕ್ಕೆ ಮನೆಮಂದಿಯೆಲ್ಲ ಹೊರಡುತ್ತಾರೆ. ಶಾಲೆ ಕೇಳುವ ಫೀಸು ಸೊನ್ನೆ ಇರಬಹುದು; ಮಗು ಶಾಲೆಯಲ್ಲಿ ಕೂತರೆ ಮನೆ ಕಳೆದುಕೊಳ್ಳುವ ಕೂಲಿ ಸೊನ್ನೆಯಲ್ಲ. ಈ ಲೆಕ್ಕ ಅರ್ಥವಾಗದೆ ಪಾಲಕರಿಗೆ ಬುದ್ಧಿ ಹೇಳಲು ಹೋದರೆ ಅವರು ತಲೆಯಾಡಿಸುತ್ತಾರೆ, ಮರುದಿನ ಮಗು ಹೊಲದಲ್ಲೇ ಇರುತ್ತದೆ.

ಊಟದ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದೊಂದು ಹೇಳುತ್ತೇನೆ. 1995ರ ಯೋಜನೆಯಲ್ಲಿ ಶೇಕಡಾ ಎಂಬತ್ತು ಹಾಜರಿಯಿದ್ದ ಮಗುವಿಗೆ ತಿಂಗಳಿಗೆ ಮೂರು ಕಿಲೋ ಅಕ್ಕಿ ಸಿಗುತ್ತಿತ್ತು. ಅಕ್ಕಿ ಹಂಚುವ ದಿನ ಮಕ್ಕಳು ಚೀಲ ಹಿಡಿದು ಬಾಗಿಲ ತನಕ ಸಾಲು ನಿಲ್ಲುತ್ತಿದ್ದರು. ಉಳಿದ ದಿನಗಳಲ್ಲಿ ಅದೇ ಕೋಣೆ ಅರ್ಧ ಖಾಲಿ. ಅಕ್ಕಿ ಮನೆಯ ಪಾತ್ರೆಗೆ ಹೋಗುತ್ತಿತ್ತು, ಮಗುವಿನ ಮಧ್ಯಾಹ್ನದ ಹಸಿವು ಹಾಗೇ ಉಳಿಯುತ್ತಿತ್ತು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. 2002ರಲ್ಲಿ ರಾಜ್ಯದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಿಮ್ಮ ಈಶಾನ್ಯ ಭಾಗದಲ್ಲೇ. ಬಿಸಿಯೂಟ ಬಂದ ಮೇಲೆ, ಊಟದ ಗಂಟೆಗೆ ಮನೆಗೆಂದು ಹೋಗಿ ತಿರುಗಿ ಬಾರದಿದ್ದ ಮಕ್ಕಳು ಸಂಜೆವರೆಗೂ ಉಳಿದರು. ಅಡುಗೆಯವರನ್ನು ಗೌರವದಿಂದ ಕಾಣು ಮಗಳೇ, ಶಾಲೆಯನ್ನು ತುಂಬಿಸುವುದರಲ್ಲಿ ಅವರ ಪಾಲು ಶಿಕ್ಷಕರಾದ ನಮ್ಮದಕ್ಕಿಂತ ಕಡಿಮೆಯಲ್ಲ.

ಇಷ್ಟಾದರೂ ಮಗು ಬಂದು ಕೂತ ಮಾತ್ರಕ್ಕೆ ಓದು ಬರುವುದಿಲ್ಲ. ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಅರ್ಧದಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲವೆಂದು ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಗಳು ಮತ್ತೆ ಮತ್ತೆ ಹೇಳಿವೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಹಸಿದ ಮನೆಯೊಂದು ಕೂಲಿ ಬಿಟ್ಟು ಮಗುವನ್ನು ಕಳಿಸಿದೆ. ಐದು ವರ್ಷವಾದರೂ ಆ ಮಗು ಬಸ್ಸಿನ ಬೋರ್ಡು ಓದಲಾರದೆ ನಿಂತರೆ ತಾಯಿ ಮುಂದಿನ ಮಗುವನ್ನು ಯಾವ ನಂಬಿಕೆಯ ಮೇಲೆ ಕಳಿಸಬೇಕು? ಮಗುವಿಗೆ ಓದು ಬಂದದ್ದು ಕಂಡರೆ ಮನೆಯವರೇ ದಾರಿ ಹುಡುಕುತ್ತಾರೆ, ಕೂಸನ್ನು ಅಜ್ಜಿಯ ಬಳಿ ಬಿಡುತ್ತಾರೆ.

ಹಾಗಾಗಿ ನಿನಗೆ ಸಿಕ್ಕಿರುವುದು ಶಾಲೆಯ ಅತಿ ಮುಖ್ಯ ಕೋಣೆ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಹುಟ್ಟಿತು. ಋಷಿವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದ ಶಿಕ್ಷಕರೇ ಕೂತು ಕಾರ್ಡುಗಳನ್ನು ರೂಪಿಸಿದರು. ಅದರಲ್ಲಿ ಅ ಆ ಇ ಈ ಎಂದು ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ.  ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮೂಲೆಯಲ್ಲಿ ಮುದುಡಿ ಕೂತ ಹುಡುಗ ಮೊದಲ ಸಲ 'ಗರಗಸ' ಎಂದು ತಾನೇ ಕೂಡಿಸಿ ಓದಿ, ತಪ್ಪಾಯಿತೇನೋ ಎಂದು ನಿನ್ನ ಮುಖ ನೋಡುತ್ತಾನೆ. ಆಗ ಅವನ ಪಕ್ಕದಲ್ಲಿ ನೀನು ಇರಬೇಕು. ಯಾವುದೋ ಮಾಹಿತಿ ತುಂಬಿಸಲು ಆಫೀಸು ಕೋಣೆಯಲ್ಲಿ ಇರಬಾರದು. ನಲಿ-ಕಲಿಯಲ್ಲಿ ಇನ್ನೊಂದು ಅನುಕೂಲವಿದೆ: ಮಗು ಕಲಿಕಾ ಏಣಿಯಲ್ಲಿ ನಿಂತ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಗುಳೆಯಿಂದ ಮರಳಿದ ಮಗುವಿಗೆ ಇದು ವರದಾನ. ಅದು ನಾಲ್ಕು ತಿಂಗಳು ಕಳೆದು ಬಂದಾಗ "ಎಲ್ಲಿ ಹೋಗಿದ್ದೆ?" ಎಂದು ಗದರದೆ, ಬಿಟ್ಟ ಕಾರ್ಡನ್ನು ಕೈಗೆ ಕೊಡು.

ಹಾಗೆ ಗುಳೆ ಹೋದ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದು ಹಾಕುವ ಅವಸರ ಬೇಡ. ದಸರಾ ರಜೆಗೆ ಮುಂಚೆಯೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ತಾಯಂದಿರನ್ನು ಕರೆದುಕೊಂಡು ತಾಂಡಾ, ಕೇರಿ ಎನ್ನದೆ ಮನೆಮನೆಗೆ ಹೋಗು. ಈ ಸಲ ಯಾರು ಗುಳೆ ಹೋಗುತ್ತಾರೆ, ಯಾವ ಊರಿಗೆ, ಯಾವ ಮಗುವನ್ನು ಅಜ್ಜಿಯ ಬಳಿ ಬಿಡಬಹುದು, ಕೇಳಿ ಬರೆದುಕೊ. ಬಿಡಲು ಒಪ್ಪುವವರ ಮಕ್ಕಳಿಗೆ ಹಂಗಾಮಿ ವಸತಿ ಶಾಲೆಯಲ್ಲಿ ಜಾಗ ಸಿಗುತ್ತದೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಈಗಲೇ ವಿಚಾರಿಸು. ಬೆಂಗಳೂರಿಗೆ ಹೋಗುವವರಿಗೆ, ಅಲ್ಲಿಯ ಸರ್ಕಾರಿ ಶಾಲೆ ದಾಖಲೆ ಇಲ್ಲವೆಂದು ಮಗುವನ್ನು ವಾಪಸು ಕಳಿಸುವಂತಿಲ್ಲ ಎಂಬ ಕಾನೂನನ್ನು ಬಿಡಿಸಿ ಹೇಳು. ಮಗು ಯಾವ ತರಗತಿ, ಎಲ್ಲಿಯವರೆಗೆ ಕಲಿತಿದೆ ಎಂದು ಒಂದು ಚೀಟಿ ಬರೆದು ಮುಖ್ಯ ಗುರುಗಳ ಸಹಿ ಹಾಕಿಸಿ ಕೊಡು.

ಓದಲು ಕಲಿತ ಮಗುವಿಗೆ ಓದುವುದಕ್ಕೇನಾದರೂ ಬೇಕಲ್ಲ. ದೊಡ್ಡ ಅಕ್ಷರದ ಕಥೆ ಪುಸ್ತಕಗಳ ಕಟ್ಟೊಂದನ್ನು ಅಂಚೆಗೆ ಹಾಕಿದ್ದೇನೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಡ. ಹರಿದರೆ ಹರಿಯಲಿ, ಮತ್ತೆ ಕಳಿಸುತ್ತೇನೆ. ನಿನ್ನ ದೊಡ್ಡಮ್ಮ ಶೇಂಗಾ ಚಟ್ನಿಪುಡಿಯನ್ನೂ ಅದರಲ್ಲೇ ಇಟ್ಟಿದ್ದಾಳೆ. ಮಕ್ಕಳಲ್ಲಿ ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂದು ತಿಂಗಳಿಗೊಮ್ಮೆ ಬರೆಯುತ್ತಿರು.

ಇತಿ,
ನಿನ್ನ ದೊಡ್ಡಪ್ಪ