ಆಯಗಾರ ಪದ್ಧತಿ
ವಿಜಯನಗರ ಕಾಲದ ಗ್ರಾಮಾಡಳಿತದ ಬಗ್ಗೆ ಪರೀಕ್ಷೆಗಳಲ್ಲಿ ಪದೇ ಪದೇ ಬರುವ ಪ್ರಶ್ನೆ: ಆಯಗಾರರು, ಅಂದರೆ ಊರಿನ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದವರು, ಎಷ್ಟು ಮಂದಿ? ಉತ್ತರ 12. ಹೆಸರುಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ. ಪಟ್ಟಿ ಊರಿಂದೂರಿಗೆ ಬದಲಾಗುತ್ತದೆ. ಗೌಡ ಕಂದಾಯಕ್ಕೆ, ಶಾನುಭೋಗ ಲೆಕ್ಕಕ್ಕೆ, ತಳವಾರ ಕಾವಲಿಗೆ. ಕಮ್ಮಾರ, ಬಡಗಿ, ಕುಂಬಾರ, ಅಗಸರೂ ಸೇರುತ್ತಿದ್ದರು. ಅಭ್ಯರ್ಥಿಗಳು ಎಡವುವುದು ನೀರಗಂಟಿಯ ಬಳಿ: ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ಇವನು.

ಸಂಬಳ ನಗದಲ್ಲ. ಸುಗ್ಗಿಯಲ್ಲಿ ರಾಶಿಪೂಜೆ ಮುಗಿದ ಮೇಲೆ ಕಣದಲ್ಲೇ ಮೊರದಲ್ಲೋ ಕೊಳಗದಲ್ಲೋ ಅಳೆದು ಕೊಡುತ್ತಿದ್ದ ಧಾನ್ಯವೇ ‘ಆಯ’. ಕೆಲವರಿಗೆ ಮಾನ್ಯದ, ಅಂದರೆ ತೆರಿಗೆಯಿಲ್ಲದ, ಜಮೀನೂ ಇತ್ತು. ಕೆಲಸ ವಂಶಪಾರಂಪರ್ಯ, ಅಂದರೆ ಜಾತಿಗೆ ಅಂಟಿಕೊಂಡದ್ದು. ‘ಸ್ವಾವಲಂಬಿ ಗ್ರಾಮ’ ಎಂದು ಹೊಗಳುವವರು ಇದನ್ನು ಮರೆಯುತ್ತಾರೆ.

ವಿಜಯನಗರದ ನಂತರವೂ ಉಳಿದಿದ್ದ ಇಂಥ ವಂಶಪಾರಂಪರ್ಯ ಗ್ರಾಮಾಧಿಕಾರ ಕರ್ನಾಟಕದಲ್ಲಿ ಕೊನೆಗೊಂಡದ್ದು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ. ಜಾರಿ 1963ರ ಫೆಬ್ರವರಿ 1ರಂದು.